ಜಂತೆ ಎಣಿಕೆ

ಉಂಡ ಮನೆಯ ಜಂತೆ ಎಣಿಸಬಾರದಂತೆ.
ನಾನು ಎಣಿಸಿದ್ದೇನೆ, ಏಣಿ ಹಾಕಿ,
ಸೀಮೆಸುಣ್ಣದಲ್ಲಿ ಗುರುತಿಟ್ಟು: ಹದಿನೆಂಟು.
ಐದಕ್ಕೆ ಹುಳು ಹಿಡಿದಿದೆ. ಒಲೆಯ ಮೇಲಿನದು
ಮರವೋ ಮಸಿಯೋ ಹೇಳಲಾರೆ.

ಲೆಸೊಥೊದ ಬೆಟ್ಟಗಳಲ್ಲಿ, ಖುಬೆಲು ಹೊಳೆಯ ಮೇಲ್ದಂಡೆಗೆ
ಮೇಷ್ಟ್ರುಗಳನ್ನು ತಯಾರಿಸುವ ಕಾಲೇಜು ನಮ್ಮದು.
ಅರವತ್ತು ಜನಕ್ಕೆಂದು ಕಟ್ಟಿದ ಊಟದ ಮನೆಗೆ
ಈಗ ಇನ್ನೂರ ಹನ್ನೆರಡು ಬಾಯಿ, ನಾಲ್ಕು ಪಂಕ್ತಿ.
ಮೊದಲ ಪಂಕ್ತಿಗೆ ಹಬೆ, ಎರಡನೆಯದಕ್ಕೆ ಬಿಸಿ,
ಮೂರನೆಯದಕ್ಕೆ ಬಿಸಿ ಇತ್ತೆಂಬ ಸುದ್ದಿ,
ನಾಲ್ಕನೆಯದಕ್ಕೆ ತಳ ಕೆರೆಯುವ ಸೌಟಿನ ಸದ್ದು.
ಜುಲೈ ಹಿಮದಲ್ಲಿ ಕಂಬಳಿ ಹೊದ್ದು
ಹೊರಗೋಡೆಗೆ ಒರಗಿ ನಿಂತೇ ಉಣ್ಣುತ್ತಾರೆ ಹುಡುಗರು.
ಮೆಕ್ಕೆಜೋಳದ ಮುದ್ದೆ ಬಾಯಿಗೆ ಬರುವಷ್ಟರಲ್ಲಿ
ಗೋಡೆಯ ಇನ್ನೊಂದು ಕಲ್ಲು.

ಅಡುಗೆಯ ಮಾಮೊಕೆಟೆಗೆ ಹೆಸರು ಬಂದದ್ದು ಮಗನಿಂದ.
ಮೊಕೆಟೆ ಅಂದರೆ ಔತಣ.
ಔತಣದ ತಾಯಿ ಮೂರು ಕಾಲಿನ ಹಂಡೆಗೆ
ಇನ್ನೊಂದು ಬಕೆಟ್ಟು ನೀರು ಸುರಿದು
ನನ್ನ ಕಡೆ ತಿರುಗಿ ಕೇಳುತ್ತಾಳೆ:
"ನೀರಿಗೆ ರಸೀತಿ ಬೇಡ ತಾನೆ?"

ಗಣಿತದ ಮೇಷ್ಟ್ರು ನಾನು, ಹಾಗಾಗಿ ಖಜಾಂಚಿ.
ಒಂದು ರಸೀತಿ ಪುಸ್ತಕ, ಒಂದು ಹಾಲುಪುಡಿಯ ಡಬ್ಬ.
ಹನಿಗೂಡಿದರೆ ಹಳ್ಳ ಎಂದವರು
ಹನಿಗಳ ಲೆಕ್ಕ ಬರೆದವರಲ್ಲ.

ಅಂಗಡಿಯ ರಾಮೊಖೆಲೆ ಎರಡು ಸಾವಿರ ಮಲೋಟಿ ಕೊಟ್ಟು
ಬಾಗಿಲ ಮೇಲೆ ಹೆಸರು ಕೇಳಿದರು,
ಅಕ್ಷರ ಒಂದೊಂದೂ ಗೇಣುದ್ದ.
ಗುಡ್ಡದಾಚೆಯ ಮಾಪಾಲೆಸಾ ಕತ್ತೆಯ ಮೇಲೆ
ಆಡಿನ ಉಣ್ಣೆ ಹೇರಿ ತಂದಳು, ತೂಗಿಸಿದಳು,
ಖಾಲಿ ಚೀಲ ಮಡಚಿ ವಾಪಸು ಒಯ್ದಳು:
"ಚೀಲ ದಾನ ಅಲ್ಲ."
ಗಣಿಯ ಕೆಲಸ ಹೋದ ತ್ಸೆಲಿಸೊ
"ಮೂರು ದಿನ ಕಲ್ಲು ಹೊರುತ್ತೇನೆ, ಬರೆದುಕೊ" ಎಂದ.
ಲಾಟರಿಗಿಟ್ಟ ಕುರಿಯನ್ನು ಪ್ರಾಂಶುಪಾಲರ ಹೆಂಡತಿ ಗೆದ್ದು ಮರಳಿಸಿದರು,
ಪಾದ್ರಿ ಗೆದ್ದು ಮರಳಿಸಿದರು,
ಮೂರನೆಯ ಸಲ ಗೆದ್ದ ಪೊಲೀಸಿನವನು
ತಿಂದ.

ಆಮೇಲೆ ಆ ಲಕೋಟೆ.
ಹೆಸರಿಲ್ಲ, ಊರಿಲ್ಲ, ಅಂಚೆ ಮುದ್ರೆ ಮಾಸಿದೆ.
ನಾನೂರು ಮಲೋಟಿ, ಒಂದು ಚೀಟಿ, ಒಂದು ಚಮಚ.
"ನಾಲ್ಕನೆಯ ಪಂಕ್ತಿಯಲ್ಲಿದ್ದೆ. ಹನ್ನೊಂದು ಕದ್ದೆ.
ಹತ್ತನ್ನು ಮಾರಿ ಬಸ್ಸಿಗೆ ಕೊಟ್ಟೆ, ಅಮ್ಮನ ಮಣ್ಣಿಗೆ ಹೋಗಲು.
ಇದೊಂದನ್ನು ಮಾರಲಿಲ್ಲ."

ರಸೀತಿಯಲ್ಲಿ 'ಯಾರಿಂದ' ಎಂಬಲ್ಲಿ ಪೆನ್ನು ನಿಂತಿತು.
'ಯಾವ ಬಾಬ್ತು' ಎಂಬಲ್ಲಿ ಮತ್ತೆ ನಿಂತಿತು.
ಸಾಲವೆನ್ನಲೆ? ದಂಡವೆನ್ನಲೆ?
ಮಾಮೊಕೆಟೆ ಚಮಚ ಇಸಕೊಂಡು
ಹಿಡಿಯ ತುದಿಯ ಕಚ್ಚನ್ನು ಹೆಬ್ಬೆರಳಿನಿಂದ ಸವರಿದಳು.
ಏನೂ ಹೇಳದೆ ಸೆರಗಿನಂತೆ ಸುತ್ತಿದ ಕಂಬಳಿಯ ತುದಿಗೆ ಒರೆಸಿ
ಇನ್ನೂರು ಚಮಚಗಳ ಡ್ರಮ್ಮಿಗೆ ಎಸೆದಳು.
ಠಣ್.
ಆ ಶಬ್ದವನ್ನು ಯಾವ ಕಾಲಮ್ಮಿಗೆ ಹಾಕಲಿ?

ಮಾರ್ಚಿಗೆ ಕೂಡಿ ನೋಡಿದೆ.
ಹೊಸ ಮನೆಗೆ ನಲವತ್ತೆರಡು ಜಂತೆ ಬೇಕು.
ಡಬ್ಬದಲ್ಲಿ ಇಪ್ಪತ್ತೊಂಬತ್ತು ಇದ್ದವು.
ಸಭೆ ಕೂತಿತು, ಎದ್ದಿತು, ಮತ್ತೆ ಕೂತಿತು.
ಕಾಯೋಣ ಎಂದವರಿದ್ದರು, ಅವರೆಲ್ಲ ಮನೆಯಲ್ಲಿ ಉಣ್ಣುವವರು.
"ಗೋಡೆ ಪೂರ್ತಿ ಎಬ್ಬಿಸಿ" ಎಂದಳು ಮಾಮೊಕೆಟೆ,
"ಸೂರು ಎಲ್ಲಿಯವರೆಗೆ ಬರುತ್ತೋ ಅಲ್ಲಿಯವರೆಗೆ ಬರಲಿ.
ಹಂಡೆ ಮಾತ್ರ ಎರಡು ತನ್ನಿ."

ಹಾಗಾಗಿ ಈಗ ನಮ್ಮ ಊಟದ ಮನೆಗೆ ಅರ್ಧ ಆಕಾಶ.
ರಾಮೊಖೆಲೆಯ ಹೆಸರು ಬಾಗಿಲಲ್ಲಿದೆ, ಮೂರು ಬೆರಳೆತ್ತರ;
ಬಾಗಿಲು ದಾಟಿದವರಿಗೆ ಕಾಣುವುದು ಬೆಟ್ಟ.
ಒಂದೇ ಪಂಕ್ತಿ.
ಹಿಮ ಬಿದ್ದ ದಿನ ಎಲ್ಲರೂ ಸೂರಿನ ಕೆಳಗೆ ಒತ್ತಿಕೊಂಡು
ಒಬ್ಬರ ಮೊಣಕೈ ಇನ್ನೊಬ್ಬರ ತಟ್ಟೆಯಲ್ಲಿ,
ಬೈಗುಳ, ನಗು, ಯಾರದೋ ಸೊಪ್ಪು ಯಾರದೋ ಬಾಯಿಗೆ.

ಹದಿಮೂರು ಜಂತೆ ಬಾಕಿ. ಪುಸ್ತಕ ಮುಚ್ಚಿಲ್ಲ.
ಆ ರಸೀತಿ ಇನ್ನೂ ಖಾಲಿಯೇ ಇದೆ,
ಕಾರ್ಬನ್ನಿನ ಕೆಳಗೆ ಅದರ ಖಾಲಿ ನಕಲು.
ಊಟಕ್ಕೆ ಕೂತಾಗಲೆಲ್ಲ ತಿನ್ನುವ ಮುಂಚೆ
ಚಮಚದ ಹಿಡಿಯನ್ನೊಮ್ಮೆ ಹೆಬ್ಬೆರಳಿನಿಂದ ಸವರುತ್ತೇನೆ.
ಇದಲ್ಲ.
ಇದೂ ಅಲ್ಲ.